ಗೋಡೆ ಬಿದ್ದ ಮೇಲೆ ಸಿಟ್ಟು ಯಾರ ಪಾಲಾಯಿತು?

1991ರ ಮೇ 10ರಂದು ಜರ್ಮನಿಯ ಚಾನ್ಸೆಲರ್ ಹೆಲ್ಮುಟ್ ಕೋಲ್ ಹಾಲೆ ಎಂಬ ಊರಿಗೆ ಹೋಗಿದ್ದರು. ನೆರೆದಿದ್ದ ಗುಂಪಿನಿಂದ ಮೊಟ್ಟೆಗಳು ತೂರಿಬಂದವು, ಅವರ ಮೇಲೇ ಬಿದ್ದು ಒಡೆದವು. ಆರಡಿ ಮೀರಿದ ಆ ಭಾರಿ ಆಸಾಮಿ ಅಂಗರಕ್ಷಕರನ್ನು ಪಕ್ಕಕ್ಕೆ ತಳ್ಳಿ ಎಸೆದವರ ಕಡೆಗೇ ನುಗ್ಗಿದರು. ನಡುವೆ ತಡೆಬೇಲಿ ಇದ್ದದ್ದರಿಂದ ಒಂದು ದೇಶದ ಸರ್ಕಾರದ ಮುಖ್ಯಸ್ಥ ಬೀದಿಯಲ್ಲಿ ಕೈಕೈ ಮಿಲಾಯಿಸುವುದು ತಪ್ಪಿತು. ಟಿವಿಯಲ್ಲಿ ಇಡೀ ಜರ್ಮನಿ ಅದನ್ನು ನೋಡಿತು.

ಹಾಲೆ ಇರುವುದು ಹಳೆಯ ಪೂರ್ವ ಜರ್ಮನಿಯಲ್ಲಿ. ಐದೇ ತಿಂಗಳ ಹಿಂದೆ, 1990ರ ಡಿಸೆಂಬರ್ ಚುನಾವಣೆಯಲ್ಲಿ, ಪೂರ್ವದ ಜನ ಕೋಲ್ ಅವರ ಪಕ್ಷಕ್ಕೆ ಧಾರಾಳವಾಗಿ ಮತ ಹಾಕಿದ್ದರು. ಅದಕ್ಕೂ ಹಿಂದಿನ ವರ್ಷ ಇದೇ ಜನ ಬೀದಿಗಿಳಿದು ನಲವತ್ತು ವರ್ಷದ ಕಮ್ಯುನಿಸ್ಟ್ ಆಡಳಿತವನ್ನು ಕೆಡವಿದ್ದರು, ಅದೂ ಒಂದು ಗುಂಡೂ ಹಾರದೆ. ಬರ್ಲಿನ್ ಗೋಡೆ ಬಿದ್ದದ್ದೂ ಆಗಲೇ. ಅಷ್ಟು ಬೇಗ ಮೊಟ್ಟೆ ಯಾಕೆ?

ಈ ಪ್ರಶ್ನೆ ಆಮೇಲೆ ದೊಡ್ಡದಾಗುತ್ತಲೇ ಹೋಗಿದೆ. ಶೀತಲ ಸಮರದಲ್ಲಿ ಪಶ್ಚಿಮ ಗೆದ್ದಿತು, ಅದರಲ್ಲಿ ಅನುಮಾನವಿಲ್ಲ. ಆದರೆ ಗೆದ್ದವರ ಮನೆಯಲ್ಲೇ ಮೂವತ್ತು ವರ್ಷಗಳಿಂದ ಸಮಾಧಾನವಿಲ್ಲ. ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟಿತು. ಫ್ರಾನ್ಸಿನಲ್ಲಿ ಹಳದಿ ಅಂಗಿ ತೊಟ್ಟ ಪ್ರತಿಭಟನಾಕಾರರು ರಸ್ತೆಯ ವೃತ್ತಗಳಲ್ಲಿ ಕೂತರು. ಜರ್ಮನಿಯಲ್ಲಿ ಬಲಪಂಥದ ಎಎಫ್‌ಡಿ 2025ರ ಫೆಬ್ರುವರಿಯ ಚುನಾವಣೆಯಲ್ಲಿ ಶೇ 20.8ರಷ್ಟು ಮತ ಪಡೆದು ಎರಡನೇ ದೊಡ್ಡ ಪಕ್ಷವಾಯಿತು. ಬರ್ಲಿನ್ ಬಿಟ್ಟರೆ ಪೂರ್ವದ ಎಲ್ಲ ರಾಜ್ಯಗಳಲ್ಲೂ ಅದಕ್ಕೇ ಮೊದಲ ಸ್ಥಾನ.

ಎಡದವರನ್ನು ಕೇಳಿದರೆ, ಕಮ್ಯುನಿಸಂ ಎಂಬ ಪ್ರತಿಸ್ಪರ್ಧಿ ಹೋದದ್ದೇ ಬಂಡವಾಳ ಹಲ್ಲು ತೋರಿಸಿತು ಎನ್ನುತ್ತಾರೆ. ಬಲದವರನ್ನು ಕೇಳಿದರೆ ವಲಸಿಗರ ಕಡೆ ಬೆರಳು ತೋರಿಸುತ್ತಾರೆ. ಮೊದಲನೆಯದರಲ್ಲಿ ಅರ್ಧ ಸತ್ಯವಿದೆ, ಎರಡನೆಯದರಲ್ಲಿ ಅದಕ್ಕಿಂತ ಕಡಿಮೆ. ನನಗೆ ಕಾಣುವುದು ಹೀಗೆ: ಕಮ್ಯುನಿಸಂ ಬಿದ್ದಾಗ ಮೇಲಿದ್ದವರಿಗೆ ಒಂದು ಹೆದರಿಕೆ ಹೋಯಿತು, ಕೆಳಗಿದ್ದವರಿಗೆ ದೂರು ಕೊಂಡೊಯ್ಯುವ ಒಂದು ವಿಳಾಸ ಹೋಯಿತು. ದೂರುಗಳು ಮಾತ್ರ ಎಲ್ಲೂ ಹೋಗಲಿಲ್ಲ.

ಹೆದರಿಕೆ ಮಾಡಿಸಿದ ಕೆಲಸಗಳು

ಹೆದರಿಕೆಯ ಮಾತು ಉತ್ಪ್ರೇಕ್ಷೆ ಅನ್ನಿಸಬಹುದು. ಹತ್ತೊಂಬತ್ತನೇ ಶತಮಾನದ ಜರ್ಮನಿಯ ಚಾನ್ಸೆಲರ್ ಬಿಸ್ಮಾರ್ಕ್‌ನನ್ನು ನೋಡಿ. ಆತ 1878ರಲ್ಲಿ ಸಮಾಜವಾದಿ ಸಂಘಟನೆಗಳನ್ನು ನಿಷೇಧಿಸಿದ. ಐದು ವರ್ಷ ಬಿಟ್ಟು, 1883ರಲ್ಲಿ, ಕಾರ್ಮಿಕರಿಗೆ ಆರೋಗ್ಯ ವಿಮೆ ತಂದ. ಮರುವರ್ಷ ಅಪಘಾತ ವಿಮೆ, 1889ರಲ್ಲಿ ವೃದ್ಧಾಪ್ಯ ಪಿಂಚಣಿ. ಬಡವರ ಮೇಲಿನ ಕರುಣೆಗೆ ಹೆಸರಾದ ಮನುಷ್ಯನಲ್ಲ ಆತ. ಲಾಠಿಯಿಂದ ಮುಗಿಯದ ಕೆಲಸವನ್ನು ಪಿಂಚಣಿಯಿಂದ ಮುಗಿಸಲು ನೋಡಿದ, ಅಷ್ಟೇ.

ಎರಡನೇ ಮಹಾಯುದ್ಧದ ನಂತರ ಈ ಲೆಕ್ಕಾಚಾರ ಇಡೀ ಪಶ್ಚಿಮ ಯುರೋಪಿನದಾಯಿತು. ಫ್ರಾನ್ಸ್, ಇಟಲಿಗಳಲ್ಲಿ ಕಮ್ಯುನಿಸ್ಟ್ ಪಕ್ಷಗಳು ನಾಜಿಗಳ ವಿರುದ್ಧ ಹೋರಾಡಿ ಹೆಸರು ಮಾಡಿದ್ದವು. 1946ರಲ್ಲಿ ಫ್ರಾನ್ಸಿನ ಕಾಲು ಭಾಗಕ್ಕಿಂತ ಹೆಚ್ಚು ಮತದಾರರು ಅವರ ಕಡೆಗಿದ್ದರು. ಅಮೆರಿಕ ಮಾರ್ಷಲ್ ಯೋಜನೆಯಲ್ಲಿ ಸುಮಾರು 1,300 ಕೋಟಿ ಡಾಲರ್ ಸುರಿದದ್ದರಲ್ಲಿ ಈ ಆತಂಕದ ಪಾಲು ದೊಡ್ಡದು. ಪಶ್ಚಿಮ ಜರ್ಮನಿ 1951ರಲ್ಲಿ ಕಲ್ಲಿದ್ದಲು, ಉಕ್ಕಿನ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಸ್ಥಾನಗಳನ್ನು ಕಾರ್ಮಿಕರಿಗೇ ಬಿಟ್ಟುಕೊಟ್ಟಿತು. ಪಕ್ಕದಲ್ಲೇ, ಅದೇ ಭಾಷೆಯಾಡುವ ಇನ್ನೊಂದು ಜರ್ಮನಿ ‘ಇದು ಕಾರ್ಮಿಕರ ರಾಜ್ಯ’ ಎಂದು ಸಾರುತ್ತಿರುವಾಗ ಹಾಗೆ ಮಾಡದೆ ಗತ್ಯಂತರವಿರಲಿಲ್ಲ.

ಅಮೆರಿಕದ ಕಪ್ಪು ಜನರ ಹಕ್ಕಿನ ಕಥೆಯಲ್ಲೂ ಈ ನೆರಳಿದೆ. ಬಿಳಿ, ಕರಿ ಮಕ್ಕಳಿಗೆ ಪ್ರತ್ಯೇಕ ಶಾಲೆಗಳಿರುವುದು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪು ಕೊಟ್ಟಿತಲ್ಲ, ಆ ಮೊಕದ್ದಮೆಯಲ್ಲಿ ಅಮೆರಿಕದ ಸರ್ಕಾರವೇ ಒಂದು ಹೇಳಿಕೆ ಸಲ್ಲಿಸಿತ್ತು. ವರ್ಣಭೇದ ಕಮ್ಯುನಿಸ್ಟರ ಪ್ರಚಾರ ಯಂತ್ರಕ್ಕೆ ಮೇವು ಒದಗಿಸುತ್ತಿದೆ ಎಂದು ಅದರಲ್ಲಿ ಬರೆದಿತ್ತು. ಹೋರಾಡಿದವರು ಕಪ್ಪು ಜನರೇ, ಅದರ ಶ್ರೇಯಸ್ಸು ಅವರದೇ. ಆದರೆ ಆ ಹೊತ್ತಿಗೆ ವಾಷಿಂಗ್ಟನ್ನಿನ ಕಿವಿ ಚುರುಕಾಗಿದ್ದದ್ದಕ್ಕೆ ಮಾಸ್ಕೋ ಕೂಡ ಒಂದು ಕಾರಣ.

ಇಲ್ಲಿ ಒಂದು ತಕರಾರು ಏಳಲೇಬೇಕು. ಹೆದರಿಕೆಯೇ ಕಾರಣವಾಗಿದ್ದರೆ ಅದು ಹೋಗುವ ಮೊದಲೇ ಹಿಡಿತ ಸಡಿಲವಾದದ್ದು ಹೇಗೆ? ಬ್ರಿಟನ್ನಿನಲ್ಲಿ ಥ್ಯಾಚರ್ ಪ್ರಧಾನಿಯಾಗಿ ಅಧಿಕಾರಕ್ಕೆ ಬಂದದ್ದು 1979ರಲ್ಲಿ. ಬ್ರಿಟನ್ನಿನ ಗಣಿ ಕಾರ್ಮಿಕರು ವರ್ಷವಿಡೀ ಮುಷ್ಕರ ಹೂಡಿ ಸೋತದ್ದು 1985ರಲ್ಲಿ. ಅಮೆರಿಕದಲ್ಲಿ ಅತಿ ಶ್ರೀಮಂತರ ಆದಾಯ ತೆರಿಗೆಯ ಮೇಲ್ಮಟ್ಟದ ದರ ಅಧ್ಯಕ್ಷ ರೇಗನ್ ಬಂದಾಗ ಶೇ 70 ಇದ್ದದ್ದು 1988ಕ್ಕೆ ಶೇ 28ಕ್ಕೆ ಇಳಿದಿತ್ತು. ಗೋಡೆ ಆಗಿನ್ನೂ ನಿಂತೇ ಇತ್ತು.

ತಕರಾರು ನ್ಯಾಯವಾದದ್ದೇ. 1973ರ ತೈಲ ಬಿಕ್ಕಟ್ಟಿನ ನಂತರ ಮಾಲೀಕರು, ಕಾರ್ಮಿಕರ ನಡುವಿನ ಹಳೆಯ ಒಪ್ಪಂದ ಸವೆಯತೊಡಗಿತ್ತು. ಎಂಬತ್ತರ ದಶಕದ ಹೊತ್ತಿಗೆ ಸೋವಿಯತ್ ಅಂಗಡಿಗಳ ಮುಂದಿನ ಸಾಲು ನೋಡಿದವರಾರಿಗೂ ಅದು ಆಸೆ ಹುಟ್ಟಿಸುವ ಮಾದರಿಯಾಗಿ ಉಳಿದಿರಲಿಲ್ಲ. 1989 ಏನನ್ನೂ ಶುರು ಮಾಡಲಿಲ್ಲ ಅನ್ನೋಣ. ಅಲ್ಲಿಯವರೆಗೆ, ಮಾರುಕಟ್ಟೆಗೆ ಬಿಟ್ಟುಬಿಡಿ ಎಂಬ ಥ್ಯಾಚರ್, ರೇಗನ್‌ರ ಮಾತು ಒಂದು ಬಣದ ವಾದ; ಎದುರಿಗೆ ಇನ್ನೊಂದು ಬಣವಿತ್ತು. 1989ರ ನಂತರ ಎದುರು ಬಣವೇ ಆ ವಾದವನ್ನು ಕಂಠಪಾಠ ಮಾಡಿತು. ಬ್ರಿಟನ್ನಿನ ಲೇಬರ್ ಪಕ್ಷ 1995ರಲ್ಲಿ ತನ್ನ ನಿಯಮಾವಳಿಯಿಂದ ಸಾರ್ವಜನಿಕ ಒಡೆತನದ ಗುರಿಯನ್ನು ಕಿತ್ತುಹಾಕಿತು. ಬಡವರಿಗೆ ಸಿಗುತ್ತಿದ್ದ ನೆರವಿಗೆ ಕತ್ತರಿ ಹಾಕುವ ಕಾನೂನಿಗೆ 1996ರಲ್ಲಿ ಸಹಿ ಹಾಕಿದವರು ಅಮೆರಿಕದ ಅಧ್ಯಕ್ಷ, ಡೆಮಾಕ್ರಾಟ್ ಪಕ್ಷದ ಕ್ಲಿಂಟನ್. ಜರ್ಮನಿಯಲ್ಲಿ ನಿರುದ್ಯೋಗ ಭತ್ಯೆಯನ್ನು ಮೊಟಕುಗೊಳಿಸಿದವರು ಸೋಷಿಯಲ್ ಡೆಮಾಕ್ರಾಟ್ ಚಾನ್ಸೆಲರ್ ಶ್ರೋಡರ್. ಕಾರ್ಮಿಕನ ಪಾಲಿಗೆ, ತಾನು ಹರಕೆ ಹೊತ್ತ ದೇವರೇ ತನ್ನ ಜೇಬಿಗೆ ಕೈಹಾಕಿದಂತಾಯಿತು.

ಒಂದು ಫ್ರಿಜ್ಜಿನ ಕಥೆ

ಈಗ ಹಾಲೆಯ ಮೊಟ್ಟೆಗಳ ಲೆಕ್ಕಕ್ಕೆ ಬರೋಣ. ಇದಕ್ಕೆ ಸ್ವಲ್ಪ ಹಣದ ಲೆಕ್ಕ ಗೊತ್ತಿರಬೇಕು.

1990ರ ಜುಲೈ 1ರಂದು ಪೂರ್ವ ಜರ್ಮನಿಗೆ ಪಶ್ಚಿಮದ ನೋಟು, ಡಿ-ಮಾರ್ಕ್, ಬಂತು. ಸಂಬಳ, ಪಿಂಚಣಿಗಳಿಗೆ ಒಂದಕ್ಕೆ ಒಂದು. ಉಳಿತಾಯದಲ್ಲಿ ಬಹುತೇಕ ವಯಸ್ಕರಿಗೆ 4,000 ಮಾರ್ಕ್‌ವರೆಗೆ ಒಂದಕ್ಕೆ ಒಂದು, ಅದರಾಚೆ ಎರಡಕ್ಕೆ ಒಂದು. ಜನ ಕೇಳಿದ್ದೂ ಅದನ್ನೇ. ‘ಡಿ-ಮಾರ್ಕ್ ಬಂದರೆ ನಾವು ಇಲ್ಲೇ ಇರುತ್ತೇವೆ, ಬರದಿದ್ದರೆ ನಾವೇ ಅದರ ಬಳಿ ಹೋಗುತ್ತೇವೆ’ ಎಂದು ಬೀದಿಯಲ್ಲಿ ಕೂಗಿದ್ದರು. ಹೋಗುತ್ತಲೂ ಇದ್ದರು. ಅಂದೇ ಕೋಲ್ ಟಿವಿಯಲ್ಲಿ, ಪೂರ್ವದ ನಾಡು ಬೇಗನೇ ನಳನಳಿಸುವ ನೆಲವಾಗುತ್ತದೆ ಎಂದು ಮಾತು ಕೊಟ್ಟರು.

ಒಂದಕ್ಕೆ ಒಂದು ಎಂದರೆ ಕಾರ್ಖಾನೆಗೆ ಏನಾಯಿತು ನೋಡಿ. ಪೂರ್ವದಲ್ಲಿ ಒಂದು ಫ್ರಿಜ್ ತಯಾರಿಸಲು ಅಲ್ಲಿನ 1,000 ಮಾರ್ಕ್ ಖರ್ಚಾಗುತ್ತಿತ್ತು ಎಂದಿಟ್ಟುಕೊಳ್ಳಿ. ಹೊರದೇಶದ ವ್ಯಾಪಾರದಲ್ಲಿ ಒಂದು ಪಶ್ಚಿಮದ ಮಾರ್ಕ್ ಗಳಿಸಲು ಪೂರ್ವ ಜರ್ಮನಿ ತನ್ನ ನಾಲ್ಕಕ್ಕೂ ಹೆಚ್ಚು ಮಾರ್ಕ್ ಸುರಿಯುತ್ತಿತ್ತು. ಅಂದರೆ ಆ ಫ್ರಿಜ್ ಪಶ್ಚಿಮದಲ್ಲಿ ಸುಮಾರು 230 ಮಾರ್ಕಿಗೆ ಹೋಗುವ ಮಾಲು. ಜೂನ್ 30ರ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಅದೇ ಫ್ರಿಜ್ಜಿನ ಕೂಲಿ, ಸಾಮಾನು ಎಲ್ಲವನ್ನೂ ಪಶ್ಚಿಮದ ಮಾರ್ಕಿನಲ್ಲಿ ಕೊಡಬೇಕಾಯಿತು. 230ಕ್ಕೆ ಮಾರುವ ಮಾಲಿಗೆ 1,000 ಖರ್ಚು. ಯಾವ ಕಾರ್ಖಾನೆ ಉಳಿದೀತು? ಅವರ ಮಾಲು ಕೊಳ್ಳುತ್ತಿದ್ದ ಸೋವಿಯತ್ ಒಕ್ಕೂಟ, ಪೋಲೆಂಡ್, ಹಂಗೇರಿಗಳ ಬಳಿ ಡಿ-ಮಾರ್ಕ್ ಇರಲಿಲ್ಲ. ಸ್ವಂತ ಜನರೂ ನಲವತ್ತು ವರ್ಷ ಜಾಹೀರಾತಿನಲ್ಲಷ್ಟೇ ಕಂಡಿದ್ದ ಪಶ್ಚಿಮದ ಸಾಮಾನಿಗೆ ಮುಗಿಬಿದ್ದರು. ವರ್ಷ ತಿರುಗುವಷ್ಟರಲ್ಲಿ ಪೂರ್ವದ ಕೈಗಾರಿಕಾ ಉತ್ಪಾದನೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ಈ ಕಾರ್ಖಾನೆಗಳನ್ನೆಲ್ಲ ಮಾರುವ ಹೊಣೆ ಟ್ರಾಯ್‌ಹ್ಯಾಂಡ್ ಎಂಬ ಸಂಸ್ಥೆಯದು. ಸುಮಾರು 8,000 ಕಂಪನಿಗಳು, 40 ಲಕ್ಷ ನೌಕರರು. ಒಂದು ದೇಶದ ಇಡೀ ಉದ್ಯಮವೇ ಒಂದು ಕಚೇರಿಯ ಕಪಾಟಿಗೆ ಬಂದಿತ್ತು. ಅದರ ಮುಖ್ಯಸ್ಥ ಡೆಟ್ಲೆಫ್ ರೋವೆಡರ್ ಇದಕ್ಕೆಲ್ಲ 60,000 ಕೋಟಿ ಮಾರ್ಕ್ ಬೆಲೆ ಬಂದೀತು ಎಂದು ಅಂದಾಜಿಸಿದ್ದರು. 1991ರ ಏಪ್ರಿಲ್ 1ರ ರಾತ್ರಿ ಡ್ಯುಸೆಲ್‌ಡಾರ್ಫಿನ ಅವರ ಮನೆಯ ಕಿಟಕಿಯಾಚೆಯಿಂದ ಗುಂಡು ಹಾರಿ ಅವರು ಸತ್ತರು. ರೆಡ್ ಆರ್ಮಿ ಫ್ಯಾಕ್ಷನ್ ಎಂಬ ಎಡಪಂಥದ ಉಗ್ರರ ಗುಂಪು ಹೊಣೆ ಹೊತ್ತಿತು, ಗುಂಡು ಹಾರಿಸಿದವರು ಯಾರೆಂದು ಪತ್ತೆಯಾಗಲಿಲ್ಲ. ಟ್ರಾಯ್‌ಹ್ಯಾಂಡ್ 1994ರ ಕೊನೆಗೆ ಬಾಗಿಲು ಹಾಕಿದಾಗ ಕೈಯಲ್ಲಿದ್ದದ್ದು ಲಾಭವಲ್ಲ, 25,000 ಕೋಟಿ ಮಾರ್ಕ್‌ಗೂ ಮೀರಿದ ನಷ್ಟ. ಕಂಪನಿ ಕೊಂಡವರಲ್ಲಿ ಬಹುಪಾಲು ಪಶ್ಚಿಮದವರು. ಪೂರ್ವದವರ ಬಳಿ ಬಂಡವಾಳವೆಲ್ಲಿತ್ತು?

ಫ್ರಿಜ್ಜಿನ ಉದಾಹರಣೆ ಸುಮ್ಮನೆ ಆರಿಸಿದ್ದಲ್ಲ. ಸ್ಯಾಕ್ಸನಿಯ ಶಾರ್ಫೆನ್‌ಸ್ಟೈನ್ ಎಂಬ ಪುಟ್ಟ ಊರಲ್ಲಿ ಪೂರ್ವ ಜರ್ಮನಿಯ ಫ್ರಿಜ್ ಕಾರ್ಖಾನೆಯಿತ್ತು. 1992ರಲ್ಲಿ ಟ್ರಾಯ್‌ಹ್ಯಾಂಡ್ ಅದನ್ನು ಮುಚ್ಚಲು ಹೊರಟಿತ್ತು. ಆಗ ಪರಿಸರ ಸಂಘಟನೆ ಗ್ರೀನ್‌ಪೀಸ್ ಅವರಿಗೆ ಹತ್ತು ಮಾದರಿ ಫ್ರಿಜ್ ಮಾಡಿಕೊಡಿ ಎಂದು ಹಣ ಕೊಟ್ಟಿತು. ಓಜೋನ್ ಪದರ ಹಾಳುಗೆಡಹುವ ಅನಿಲ ಬೇಡ, ನಮ್ಮ ಅಡುಗೆ ಅನಿಲದ ಜಾತಿಯ ಪ್ರೊಪೇನ್, ಬ್ಯೂಟೇನ್ ತುಂಬಿ ತಂಪು ಮಾಡಿ ತೋರಿಸಿ ಎಂಬುದು ಬೇಡಿಕೆ. ಮಾಡಿ ತೋರಿಸಿದರು. ಪಶ್ಚಿಮದ ದೊಡ್ಡ ಕಂಪನಿಗಳು ಇದು ಹೊತ್ತಿ ಉರಿಯುತ್ತದೆ ಎಂದು ಅಂಗಡಿಗಳವರನ್ನು ಹೆದರಿಸಿದವು. ಆದರೂ 1993ರಲ್ಲಿ ಫೋರೋನ್ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಬೇಗನೆ ಅದೇ ದೊಡ್ಡ ಕಂಪನಿಗಳು ಅದೇ ತಂತ್ರವನ್ನು ಅಳವಡಿಸಿಕೊಂಡವು. ಫೋರೋನ್ 1996ರಲ್ಲಿ ದಿವಾಳಿಯಾಯಿತು. ನಿಮ್ಮ ಮನೆಯ ಫ್ರಿಜ್ಜಿನ ಹಿಂಬದಿಯ ಚೀಟಿ ಓದಿ. ಈಚಿನದಾಗಿದ್ದರೆ ‘ಆರ್-600ಎ’ ಎಂದಿರುವ ಸಾಧ್ಯತೆ ಹೆಚ್ಚು. ಶಾರ್ಫೆನ್‌ಸ್ಟೈನಿನವರು ದಾರಿ ಮಾಡಿದ ಅನಿಲ ಅದು.

ಕಮ್ಯುನಿಸ್ಟ್ ಕಾಲದ ಕಾರ್ಖಾನೆಗಳೆಲ್ಲ ಗುಜರಿ, ಅವು ಸಾಯಲೇಬೇಕಿತ್ತು ಎಂಬ ಮಾತಿಗೆ ಈ ಕಥೆ ಅಡ್ಡ ಬರುತ್ತದೆ. ಬಹಳಷ್ಟು ಗುಜರಿಯೇ ಆಗಿದ್ದವು, ನಿಜ. ಬಿಟ್ಟರ್‌ಫೆಲ್ಡ್‌ನ ರಾಸಾಯನಿಕ ಕಾರ್ಖಾನೆಗಳ ಹೊಗೆ ನಿಂತದ್ದಕ್ಕೆ ಅಲ್ಲಿನ ಶ್ವಾಸಕೋಶಗಳು ಕೃತಜ್ಞವಾಗಿರಬೇಕು. ಆದರೆ ಯಾವುದು ಗುಜರಿ, ಯಾವುದು ಅಲ್ಲ ಎಂದು ತೀರ್ಮಾನಿಸುವ ಜಾಗದಲ್ಲಿ ಪೂರ್ವದವರು ಇರಲಿಲ್ಲ.

ಪೂರ್ವದ ಥ್ಯುರಿಂಜಿಯಾ ರಾಜ್ಯದ ಬಿಶೋಫರೋಡೆಯ ಪೊಟ್ಯಾಶ್ ಗಣಿಯಲ್ಲಿ ಇದು ಬೀದಿಗೆ ಬಂತು. ಪೂರ್ವದ ಪೊಟ್ಯಾಶ್ ಗಣಿಗಳನ್ನು ಪಶ್ಚಿಮದ ಪ್ರತಿಸ್ಪರ್ಧಿ ಕಂಪನಿಯ ಜೊತೆ ವಿಲೀನ ಮಾಡಿ, ಈ ಗಣಿಯನ್ನು ಮುಚ್ಚುವುದೆಂದು ನಿರ್ಧಾರವಾಯಿತು. ಖಾಸಗಿಯವರೊಬ್ಬರು ಕೊಳ್ಳುತ್ತೇನೆಂದು ಮುಂದೆ ಬಂದರೂ ಕೊಡಲಿಲ್ಲ. 1993ರ ಜುಲೈನಲ್ಲಿ ಕಾರ್ಮಿಕರು ಉಪವಾಸ ಕೂತರು. ಸುಮಾರು 700 ಮಂದಿಯ ಕೆಲಸದ ಪ್ರಶ್ನೆ. ಆ ಐಕ್ಸ್‌ಫೆಲ್ಡ್ ಪ್ರದೇಶ ಕಡು ಕ್ಯಾಥೊಲಿಕ್, ಕಮ್ಯುನಿಸ್ಟರನ್ನು ಎಂದೂ ಮೆಚ್ಚದ ನೆಲ, ಕೋಲ್ ಪಕ್ಷದ ಭದ್ರಕೋಟೆ. ಅಂಥ ಊರಿನ ಜನ ‘ಬಿಶೋಫರೋಡೆ ಎಲ್ಲೆಲ್ಲೂ ಇದೆ’ ಎಂದು ಕೂಗಿದರು. ವರ್ಷದ ಕೊನೆಗೆ ಗಣಿ ಮುಚ್ಚಿತು. ವಿಲೀನದ ಒಪ್ಪಂದದಲ್ಲಿ ಏನಿತ್ತೆಂಬುದು ಬಹಳ ವರ್ಷ ಗುಟ್ಟಾಗಿಯೇ ಉಳಿಯಿತು. ಇದನ್ನು ಇಷ್ಟು ವಿವರಿಸಿದ್ದಕ್ಕೆ ಕಾರಣವಿದೆ: ಎಎಫ್‌ಡಿಯ ಮತಗಳನ್ನು ಕಮ್ಯುನಿಸಂನ ಹಳೆಯ ರೋಗವೆಂದು ತಳ್ಳಿಹಾಕುವವರು ಐಕ್ಸ್‌ಫೆಲ್ಡಿನಂಥ ಊರುಗಳನ್ನು ಮರೆಯುತ್ತಾರೆ. ಸರ್ವಾಧಿಕಾರ ಕೆಡವಿದ ಮೇಲೂ ತಮ್ಮ ಹಣೆಬರಹ ಮುಚ್ಚಿದ ಬಾಗಿಲಾಚೆಯೇ ಬರೆಯಲ್ಪಡುತ್ತದೆ ಎಂದು ಈ ಜನ ಕಲಿತದ್ದು ಪ್ರಜಾಪ್ರಭುತ್ವದ ಕಾಲದಲ್ಲಿ.

ಆ ವರ್ಷಗಳ ಆಘಾತ ಎಷ್ಟೆಂದರೆ, ಪೂರ್ವದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳ ಸಂಖ್ಯೆ 1994ರ ಹೊತ್ತಿಗೆ 0.77ಕ್ಕೆ ಇಳಿಯಿತು. ಯುದ್ಧವಿಲ್ಲದ ಕಾಲದಲ್ಲಿ ಇಂಥದ್ದು ಅಪರೂಪ. ಓದಿದ ಯುವತಿಯರು ಪಶ್ಚಿಮಕ್ಕೆ ಹೊರಟರು. ಹಳ್ಳಿಗಳಲ್ಲಿ ಮುದುಕರೂ ಮದುವೆಯಾಗದ ಗಂಡಸರೂ ಉಳಿದರು.

ಸಿಟ್ಟು ಆಗಲೇ ಕೆಟ್ಟ ದಾರಿಯನ್ನೂ ಹಿಡಿದಿತ್ತು. ಹೊಯರ್ಸ್‌ವೆರ್ಡಾದಲ್ಲಿ 1991ರಲ್ಲಿ, ರೊಸ್ಟಾಕ್‌ನ ಲಿಖ್ಟನ್‌ಹಾಗನ್ ಬಡಾವಣೆಯಲ್ಲಿ 1992ರಲ್ಲಿ ಗುಂಪುಗಳು ವಿದೇಶಿ ಕಾರ್ಮಿಕರ, ಆಶ್ರಯ ಕೇಳಿ ಬಂದವರ ವಸತಿಗಳ ಮೇಲೆ ದಾಳಿ ಮಾಡಿದವು. ಲಿಖ್ಟನ್‌ಹಾಗನ್‌ನಲ್ಲಿ ವಿಯೆಟ್ನಾಮಿನವರಿದ್ದ ಕಟ್ಟಡಕ್ಕೆ ಬೆಂಕಿ ಹಚ್ಚುವಾಗ ನೆರೆಹೊರೆಯವರು ಚಪ್ಪಾಳೆ ತಟ್ಟಿದರು. ಪೂರ್ವದವರು ಮಾತ್ರ ಹೀಗೆ ಎಂದು ಯಾರೂ ಮೂಗು ಮುರಿಯುವಂತಿಲ್ಲ. ಟರ್ಕಿ ಮೂಲದ ಕುಟುಂಬಗಳ ಹೆಂಗಸರು, ಮಕ್ಕಳು ಬೆಂಕಿಯಲ್ಲಿ ಸತ್ತ ಮ್ಯೋಲ್ನ್, ಸೋಲಿಂಗನ್ ಎರಡೂ ಪಶ್ಚಿಮದ ಊರುಗಳು.

ಮೂಗು ಹಿಡಿದು ಹಾಕಿದ ಮತ

ಗೋಡೆ ಬಿದ್ದದ್ದರ ಪೆಟ್ಟು ಗೋಡೆಯೇ ಇರದ ದೇಶಗಳಿಗೂ ತಾಗಿತು. ಇಟಲಿಯಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಇಲ್ಲ.

ಅಲ್ಲಿನ ಕಮ್ಯುನಿಸ್ಟ್ ಪಕ್ಷ ಪಶ್ಚಿಮದಲ್ಲೇ ದೊಡ್ಡದು. 1976ರಲ್ಲಿ ಶೇ 34.4 ಮತ ಪಡೆದಿತ್ತು. ಅದನ್ನು ಅಧಿಕಾರದಿಂದ ದೂರವಿಡಲು ದೇಶದ ದೊಡ್ಡ ಭಾಗ ಆಳುವ ಕ್ರಿಶ್ಚಿಯನ್ ಡೆಮಾಕ್ರಾಟರಿಗೆ ಮತ ಹಾಕುತ್ತಲೇ ಇತ್ತು, ಅವರು ಎಷ್ಟು ಲಂಚ ತಿಂದರೂ. ಆ ವರ್ಷ ಪತ್ರಕರ್ತ ಇಂದ್ರೋ ಮೊಂತನೆಲ್ಲಿ ಕೊಟ್ಟ ಸಲಹೆ ಗಾದೆಯಂತಾಯಿತು: ಮೂಗು ಮುಚ್ಚಿಕೊಳ್ಳಿ, ಆದರೆ ಅವರಿಗೇ ಮತ ಹಾಕಿ.

1989ರ ನವೆಂಬರ್ 9ರಂದು ಗೋಡೆ ತೆರೆಯಿತು. ಮೂರನೇ ದಿನ ಇಟಲಿಯ ಕಮ್ಯುನಿಸ್ಟ್ ಪಕ್ಷದ ನಾಯಕ ಅಕಿಲೆ ಒಕೆಟ್ಟೊ, ಬೊಲೋನ್ಯಾದಲ್ಲಿ, ಹೆಸರು ಬದಲಿಸುವ ಸೂಚನೆ ಕೊಟ್ಟರು. 1991ರ ಫೆಬ್ರುವರಿಯಲ್ಲಿ ಪಕ್ಷ ವಿಸರ್ಜನೆಯಾಯಿತು. ಇನ್ನು ಮೂಗು ಮುಚ್ಚಿಕೊಳ್ಳುವ ಅಗತ್ಯವೇನು? ಮರುವರ್ಷ ಫೆಬ್ರುವರಿಯಲ್ಲಿ ಮಿಲಾನಿನ ಒಂದು ವೃದ್ಧಾಶ್ರಮದ ಮುಖ್ಯಸ್ಥ ಲಂಚ ಪಡೆಯುವಾಗ ಸಿಕ್ಕಿಬಿದ್ದ. ಹಿಂದೆಯಾಗಿದ್ದರೆ ಅಲ್ಲಿಗೇ ಮುಚ್ಚಿಹೋಗುತ್ತಿದ್ದ ಆ ಪ್ರಕರಣದ ಎಳೆ ಹಿಡಿದು ನ್ಯಾಯಾಧಿಕಾರಿಗಳು ಜಗ್ಗಿದರು, ಎರಡು ವರ್ಷಗಳಲ್ಲಿ ಯುದ್ಧಾನಂತರದ ಆಳುವ ಪಕ್ಷಗಳೆಲ್ಲ ಉದುರಿದವು. ತೆರವಾದ ಅಂಗಳಕ್ಕೆ ನಡೆದುಬಂದವರು ಟಿವಿ ಚಾನೆಲ್‌ಗಳ ಮಾಲೀಕ ಬೆರ್ಲುಸ್ಕೋನಿ. ಆ ದೊಡ್ಡ ಕಮ್ಯುನಿಸ್ಟ್ ಪಕ್ಷ ಇಲ್ಲವಾಗಿ ಮೂರು ವರ್ಷವಾಗಿದ್ದ ದೇಶದಲ್ಲಿ, 1994ರ ಮಾರ್ಚ್‌ನಲ್ಲಿ, ಕಮ್ಯುನಿಸ್ಟರಿಂದ ಕಾಪಾಡುತ್ತೇನೆಂದು ಹೇಳಿ ಅವರು ಗೆದ್ದರು.

ಫ್ರಾನ್ಸಿನಲ್ಲಿ ಆದದ್ದು ನಿಧಾನ. ಅಧ್ಯಕ್ಷ ಚುನಾವಣೆಯಲ್ಲಿ ಕಮ್ಯುನಿಸ್ಟ್ ಅಭ್ಯರ್ಥಿಗೆ 1981ರಲ್ಲಿ ಶೇ 15ರಷ್ಟು ಮತ, 2002ರಲ್ಲಿ ಶೇ 3.4. ಆ ವರ್ಷವೇ ಬಲಪಂಥದ ಲೆ ಪೆನ್ ಕೊನೆಯ ಸುತ್ತಿಗೆ ಬಂದದ್ದು. ಉತ್ತರದ ಹಳೆಯ ಕಲ್ಲಿದ್ದಲು ಊರು ಎನಾಂ-ಬೋಮಾಂ ದಶಕಗಟ್ಟಲೆ ಎಡಪಂಥದ ಕೈಯಲ್ಲಿತ್ತು. 2014ರಲ್ಲಿ ಲೆ ಪೆನ್ ಮಗಳ ಪಕ್ಷದವರು ಮೇಯರ್ ಆದರು. ಕೆಂಪು ಬಾವುಟ ಹಿಡಿದವರೇ ರಾತ್ರೋರಾತ್ರಿ ಬಲಕ್ಕೆ ಹೊರಳಿದರು ಎಂದು ಇದನ್ನು ಓದಬಾರದು. ಬಹಳ ಮಂದಿ ಮತ ಹಾಕುವುದನ್ನೇ ಬಿಟ್ಟರು, ಮಕ್ಕಳು ಬೇರೆ ಕಡೆ ಹೋದರು. ಅಲ್ಲಿ ಕಮ್ಯುನಿಸ್ಟ್ ಪಕ್ಷ ಎಂದರೆ ಸಿದ್ಧಾಂತದ ಪುಸ್ತಕಕ್ಕಿಂತ ಹೆಚ್ಚಾಗಿ ಕಾರ್ಮಿಕ ಸಂಘದ ಕಚೇರಿ, ಮಕ್ಕಳ ಬೇಸಿಗೆ ಶಿಬಿರ, ಫುಟ್‌ಬಾಲ್ ತಂಡ, ಬಾಡಿಗೆ ಬಾಕಿಯಾದಾಗ ಮಾತಾಡಿಕೊಡುವ ನಗರಸಭಾ ಸದಸ್ಯ. ನಿನ್ನ ಕಷ್ಟ ನಿನ್ನೊಬ್ಬನದಲ್ಲ, ನಿನ್ನ ಜೊತೆ ದುಡಿಯುವ ಅಲ್ಜೀರಿಯಾದವನದೂ ಹೌದು ಎಂದು ಹೇಳಿಕೊಡುತ್ತಿದ್ದ ಜಾಗ ಅದು. ಸ್ಟಾಲಿನ್ನನ ಪಾಪಗಳಿಗೆ ಕುರುಡಾಗಿದ್ದ ಪಕ್ಷವೂ ಅದೇ. ಎರಡೂ ನಿಜ.

ಬೋಖುಮ್‌ನಿಂದ ಕ್ಲೂಜ್‌ಗೆ, ಬಫಲೋದಿಂದ ಬೆಂಗಳೂರಿಗೆ

ಗೋಡೆಯಾಚೆ ಬರೀ ವೈರಿಗಳಿರಲಿಲ್ಲ, ಕಸುಬು ಬಲ್ಲ ಕೋಟ್ಯಂತರ ಕಾರ್ಮಿಕರೂ ಇದ್ದರು, ಕಡಿಮೆ ಕೂಲಿಗೆ. ಫೋಕ್ಸ್‌ವ್ಯಾಗನ್ 1991ರಲ್ಲಿ ಜೆಕ್‌ನ ಸ್ಕೋಡಾ ಕಂಪನಿಗೆ ಕೈಹಾಕಿತು. ಔಡಿ 1993ರಲ್ಲಿ ಹಂಗೇರಿಯ ಗ್ಯೋರ್‌ಗೆ ಹೋಯಿತು. 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಘಟನೆ ಸೇರಿದ ಮೇಲಂತೂ ಪಶ್ಚಿಮದ ಕಾರ್ಮಿಕ ಸಂಘ ಚೌಕಾಸಿಗೆ ಕೂತಾಗಲೆಲ್ಲ ಮಾಲೀಕನ ಬಾಯಲ್ಲಿ ಒಂದೇ ವಾಕ್ಯ: ಹಾಗಾದರೆ ಕಾರ್ಖಾನೆ ಎತ್ತಿಕೊಂಡು ಹೋಗುತ್ತೇವೆ.

ನೋಕಿಯಾ 2008ರಲ್ಲಿ ಹಾಗೇ ಮಾಡಿತು. ಜರ್ಮನಿಯ ಬೋಖುಮ್‌ನಲ್ಲಿದ್ದ ಫೋನ್ ಕಾರ್ಖಾನೆ ಮುಚ್ಚಿ, ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸಿ, ರುಮೇನಿಯಾದ ಕ್ಲೂಜ್ ಬಳಿ ಹೊಸದು ತೆರೆಯಿತು. ಮೂರೇ ವರ್ಷಕ್ಕೆ ಅದನ್ನೂ ಮುಚ್ಚುವುದಾಗಿ ಘೋಷಿಸಿ ಏಷ್ಯಾದ ಕಡೆ ನಡೆಯಿತು. ಬೋಖುಮಿನವನು ರುಮೇನಿಯಾದವನನ್ನು ಬೈದ. ರುಮೇನಿಯಾದವನು ಯಾರನ್ನು ಬೈಯಬೇಕು?

ಈ ಲೆಕ್ಕದಲ್ಲಿ ನಾವು ನೋಡುಗರ ಸಾಲಿನಲ್ಲಿಲ್ಲ. ಭಾರತ ತನ್ನ ಬಾಗಿಲು ತೆರೆದದ್ದೂ ಸೋವಿಯತ್ ಒಕ್ಕೂಟ ಮುಗಿದ 1991ರಲ್ಲೇ; ಆ ಬಾಗಿಲಿಂದ ಅತಿ ಹೆಚ್ಚು ಲಾಭ ಪಡೆದ ಊರುಗಳಲ್ಲಿ ಬೆಂಗಳೂರು ಮುಂದಿದೆ. ನ್ಯೂಯಾರ್ಕ್ ರಾಜ್ಯದ ಬಫಲೋಗಿಂತ ಬೆಂಗಳೂರಿನಲ್ಲಿ ಉದ್ಯೋಗ ಸೃಷ್ಟಿಸಿದರೆ ಕಡಿಮೆ ತೆರಿಗೆ ಬೀಳುವ ಕಾನೂನು ಅಮೆರಿಕದ್ದು ಎಂದು 2009ರ ಮೇ ತಿಂಗಳಲ್ಲಿ ಒಬಾಮಾ ದೂರಿದಾಗ ಇಲ್ಲಿ ಬಹಳ ಜನರಿಗೆ ಬೇಜಾರಾಗಿತ್ತು. ವೈಟ್‌ಫೀಲ್ಡಿನ ಕಟ್ಟಡಗಳಿಂದ ನೋಡಿದರೆ ಜಾಗತೀಕರಣ ಒಂದು ಅವಕಾಶ. ಬಫಲೋದಿಂದ ನೋಡಿದರೆ ಅದರ ಬಣ್ಣವೇ ಬೇರೆ ಎಂಬುದನ್ನು ಒಪ್ಪಿಕೊಳ್ಳಲು ನಾವು ಅಷ್ಟು ಕಷ್ಟಪಡಬೇಕಿಲ್ಲ.

ಕಾರ್ಖಾನೆ ಪೂರ್ವಕ್ಕೆ ಹೋದಂತೆ ಕಾರ್ಮಿಕರು ಪಶ್ಚಿಮಕ್ಕೆ ಬಂದರು. 2004ರ ಮೇ 1ರಂದು ಪೋಲೆಂಡ್ ಸೇರಿ ಎಂಟು ಮಾಜಿ ಕಮ್ಯುನಿಸ್ಟ್ ದೇಶಗಳು ಯುರೋಪ್ ಒಕ್ಕೂಟ ಸೇರಿದವು. ಕೂಡಲೇ ಬಾಗಿಲು ತೆರೆದದ್ದು ಬ್ರಿಟನ್, ಐರ್ಲೆಂಡ್, ಸ್ವೀಡನ್ ಮಾತ್ರ. ವರ್ಷಕ್ಕೆ 13,000ಕ್ಕಿಂತ ಹೆಚ್ಚು ಜನ ಬಂದು ನೆಲೆಸಲಾರರು ಎಂದು ಬ್ರಿಟಿಷ್ ಸರ್ಕಾರದ ಮುಂದಿದ್ದ ಅಂದಾಜು ಹೇಳುತ್ತಿತ್ತು. ಜರ್ಮನಿಯೂ ಬಾಗಿಲು ತೆರೆದೀತು ಎಂಬ ಊಹೆ ಅದರ ಹಿಂದಿತ್ತು. ಬಂದವರು ಅದರ ಹಲವು ಪಟ್ಟು. ಲಿಂಕನ್‌ಶೈರಿನ ಬಾಸ್ಟನ್ ಎಂಬ ಊರಿನ ಸುತ್ತ ಎಲೆಕೋಸು, ಆಲೂಗಡ್ಡೆಯ ಹೊಲಗಳಲ್ಲಿ ಪೋಲೆಂಡ್, ಲಿಥುವೇನಿಯಾಗಳ ಜನ ದುಡಿದರು. 2016ರ ಜನಮತಗಣನೆಯಲ್ಲಿ ಬಾಸ್ಟನ್ನಿನ ಶೇ 75.6 ಮಂದಿ ಒಕ್ಕೂಟ ಬಿಡೋಣ ಎಂದರು, ಇಡೀ ಬ್ರಿಟನ್ನಿನಲ್ಲಿ ಅತಿ ಹೆಚ್ಚು.

ಆ ಊರಿನ ಜನ ಕಂಡ ಬದಲಾವಣೆ ಕಣ್ಣಿಗೆ ಹೊಡೆಯುವಂಥದ್ದು: ಅಂಗಡಿ ಫಲಕದ ಭಾಷೆ, ಶಾಲೆಯ ಹಾಜರಿ ಪಟ್ಟಿ, ಬಾಡಿಗೆ. ಕೂಲಿ ತಗ್ಗಿಸಿದ ಗುತ್ತಿಗೆ ಏಜೆನ್ಸಿ, ಬೆಲೆ ಹಿಂಡುವ ಸೂಪರ್ ಮಾರ್ಕೆಟ್, ಮನೆ ಕಟ್ಟುವುದನ್ನು ನಿಲ್ಲಿಸಿದ ಸರ್ಕಾರ ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಹಿಂದೆ ಕಾರ್ಮಿಕ ಸಂಘದವನು ಇವುಗಳತ್ತ ಬೆರಳು ತೋರಿಸುತ್ತಿದ್ದ. ಅವನ ಜಾಗ ಖಾಲಿಯಿತ್ತು.

ಸೋಮವಾರದ ಮೆರವಣಿಗೆ

1989ರ ಅಕ್ಟೋಬರ್ 9, ಸೋಮವಾರ ಸಂಜೆ ಲೈಪ್‌ಜಿಗ್‌ನಲ್ಲಿ ಸುಮಾರು 70,000 ಜನ ಬೀದಿಗಿಳಿದಿದ್ದರು. ‘ನಾವೇ ಜನ’ ಎಂಬುದು ಅವರ ಕೂಗು. ಜನರ ಹೆಸರಲ್ಲಿ ಆಳುತ್ತಿದ್ದ ಪಕ್ಷದ ಮುಖಕ್ಕೆ ಎಸೆದ ಮಾತು. ಈ ಸೋಮವಾರದ ಮೆರವಣಿಗೆ ಆಮೇಲೆ ಯಾರ ಯಾರ ಕೈಗೆ ಹೋಯಿತೆಂದು ಹಿಂಬಾಲಿಸಿದರೆ ಸಿಟ್ಟಿನ ಪಯಣವೇ ಸಿಗುತ್ತದೆ.

2004ರಲ್ಲಿ ಶ್ರೋಡರ್ ಸರ್ಕಾರದ ‘ಹಾರ್ಟ್ಸ್ ನಾಲ್ಕು’ ಎಂಬ ನಿರುದ್ಯೋಗ ಭತ್ಯೆಯ ಸುಧಾರಣೆಯ ವಿರುದ್ಧ ಮ್ಯಾಗ್ಡೆಬರ್ಗ್‌ನಿಂದ ಶುರುವಾಗಿ ಪೂರ್ವದ ಊರೂರಲ್ಲಿ ಸೋಮವಾರದ ಮೆರವಣಿಗೆಗಳು ಎದ್ದವು. ಹೊಸ ಭತ್ಯೆ ಪಶ್ಚಿಮದವರಿಗೆ ತಿಂಗಳಿಗೆ 345 ಯೂರೋ, ಪೂರ್ವದವರಿಗೆ 331. ಹದಿನಾಲ್ಕು ಯೂರೋ ದೊಡ್ಡ ಮೊತ್ತವಲ್ಲ. ಆದರೆ ಪೂರ್ವದಲ್ಲಿ ದುಡಿಯುವವರ ಪೈಕಿ ಐವರಲ್ಲಿ ಒಬ್ಬರಿಗೆ ಕೆಲಸವಿಲ್ಲದ ಹೊತ್ತಿನಲ್ಲಿ, ನೀವು ಅಷ್ಟು ಕಡಿಮೆಯವರು ಎಂದು ಕಾನೂನಿನಲ್ಲೇ ಅಚ್ಚು ಹಾಕಿದಂತಿತ್ತು. ಆಗ ಈ ಸಿಟ್ಟಿಗೆ ವಿಳಾಸವಿತ್ತು: ಪೂರ್ವವನ್ನು ಆಳಿದ ಹಳೆಯ ಕಮ್ಯುನಿಸ್ಟ್ ಪಕ್ಷದ ವಾರಸುದಾರನಾದ ಪಿಡಿಎಸ್. ಅದರ ಕಚೇರಿಗಳಲ್ಲಿ ಪಿಂಚಣಿ ಅರ್ಜಿ ತುಂಬಿಕೊಡುತ್ತಿದ್ದರು, ಬಾಡಿಗೆ ತಂಟೆಗೆ ಸಲಹೆ ಕೊಡುತ್ತಿದ್ದರು. ಮುಂದೆ ಅದು ಪಶ್ಚಿಮದ ಗುಂಪೊಂದರ ಜೊತೆ ಸೇರಿ 2007ರಲ್ಲಿ ಲಿಂಕೆ ಪಕ್ಷವಾಯಿತು, 2014ರಲ್ಲಿ ಥ್ಯುರಿಂಜಿಯಾದಲ್ಲಿ ಸರ್ಕಾರದ ನೇತೃತ್ವವನ್ನೇ ವಹಿಸಿತು. ಆಳುವವರ ಸಾಲಿಗೆ ಸೇರಿದ ಪಕ್ಷದ ಬಳಿ ಆಳುವವರ ಮೇಲಿನ ದೂರು ಒಯ್ಯುವುದು ಹೇಗೆ?

2014ರ ಅಕ್ಟೋಬರ್‌ನಲ್ಲಿ ಡ್ರೆಸ್ಡೆನ್ನಿನಲ್ಲಿ ಪೆಗಿಡಾ ಎಂಬ ಇಸ್ಲಾಂ ವಿರೋಧಿ ಗುಂಪು ಬೀದಿಗಿಳಿಯಿತು. ಸೋಮವಾರವೇ. ಕೂಗು ಅದೇ, ‘ನಾವೇ ಜನ’. ಹಿಂದೆ ಅದು ಆಳುವವರಿಗೆ ಹೇಳಿದ ಮಾತಾಗಿತ್ತು, ಈಗ ಪಕ್ಕದ ಮನೆಯ ಪರದೇಶಿಗೂ ಹೇಳಿದ ಮಾತಾಯಿತು. ಯೂರೋ ನಾಣ್ಯ ಬೇಡವೆಂದ ಪಶ್ಚಿಮದ ಪ್ರೊಫೆಸರುಗಳು 2013ರಲ್ಲಿ ಕಟ್ಟಿದ ಎಎಫ್‌ಡಿ ಈ ಸಿಟ್ಟಿನ ಬೆಲೆ ಬೇಗ ಅರಿತುಕೊಂಡಿತು. 2019ರ ಚುನಾವಣೆಯಲ್ಲಿ, 1989ರ ಕ್ರಾಂತಿಯನ್ನು ಪೂರ್ತಿ ಮಾಡೋಣ ಎಂದು ಫಲಕ ಹಾಕಿತು. 2024ರ ಸೆಪ್ಟೆಂಬರ್‌ನಲ್ಲಿ ಥ್ಯುರಿಂಜಿಯಾದಲ್ಲಿ ಶೇ 32.8 ಮತ ಪಡೆದು ಮೊದಲ ಸ್ಥಾನಕ್ಕೆ ಬಂತು. ಅಲ್ಲಿ ಅದರ ನಾಯಕ ಬ್ಯೋರ್ನ್ ಹ್ಯೋಕೆ ಪೂರ್ವದವರಲ್ಲ, ಪಶ್ಚಿಮದಲ್ಲಿ ಹುಟ್ಟಿ ಅಲ್ಲೇ ಮೇಷ್ಟರಾಗಿದ್ದವರು. ಪೂರ್ವದ ಕಾರ್ಖಾನೆಗಳ ಜೊತೆ ಅದರ ಸಿಟ್ಟನ್ನೂ ಪಶ್ಚಿಮದವರೇ ಕೊಂಡರು ಎಂದು ಕುಹಕ ಆಡಬೇಕೆನಿಸುತ್ತದೆ.

ಕುಹಕದಾಚೆ ನೋಡಿದರೆ, ಇದನ್ನು ಪೂರ್ವದ ಕಾಯಿಲೆಯೆಂದು ಬದಿಗಿಡಲು ಈಗ ಸಾಧ್ಯವಿಲ್ಲ. 2025ರ ಚುನಾವಣೆಯಲ್ಲಿ ಪಶ್ಚಿಮದ ಗೆಲ್ಸನ್‌ಕಿರ್ಖನ್‌ನಲ್ಲಿ, ಒಂದು ಕಾಲದ ಕಲ್ಲಿದ್ದಲಿನ ರಾಜಧಾನಿಯಲ್ಲಿ, ಸೋಷಿಯಲ್ ಡೆಮಾಕ್ರಾಟರ ತವರಲ್ಲಿ, ಪಕ್ಷಗಳಿಗೆ ಬಿದ್ದ ಮತಗಳಲ್ಲಿ ಎಎಫ್‌ಡಿಯೇ ಮುಂದಿತ್ತು. ಅಲ್ಲಿನವರಿಗೂ ಒಂದು ಹಳೆಯ ದೂರಿದೆ: ಪೂರ್ವದ ರಸ್ತೆಗಳಿಗೆ ಡಾಂಬರು ಹಾಕಲು ನಾವು ತೆರಿಗೆ ಕೊಟ್ಟೆವು, ನಮ್ಮ ರಸ್ತೆಗಳು ಗುಂಡಿಬಿದ್ದವು.

ಅದೇ ಚುನಾವಣೆಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಸತ್ತೇ ಹೋಯಿತೆಂದು ಎಲ್ಲರೂ ಬರೆದಿದ್ದ ಲಿಂಕೆ ಶೇ 8.8 ಮತದೊಂದಿಗೆ ಎದ್ದು ಕೂತಿತು, ಬರ್ಲಿನ್ನಿನಲ್ಲಿ ಮೊದಲನೆಯದಾಯಿತು. ಮನೆಮನೆಗೆ ಹೋಗಿ ಅವರು ಕೇಳಿದ್ದು ಮುಖ್ಯವಾಗಿ ಬಾಡಿಗೆಯ ವಿಷಯ. ಬರ್ಲಿನ್ ಬಾಡಿಗೆಗೆ ಒಂದು ಪೂರ್ವಕಥೆಯಿದೆ. 2004ರಲ್ಲಿ ನಗರ ಸರ್ಕಾರ ಸುಮಾರು 65,000 ಮನೆಗಳಿದ್ದ ಸಾರ್ವಜನಿಕ ವಸತಿ ಕಂಪನಿಯನ್ನು ಹೂಡಿಕೆದಾರರಿಗೆ 40.5 ಕೋಟಿ ಯೂರೋಗೆ, ಅದರ ಸಾಲದ ಸಮೇತ, ಮಾರಿತ್ತು. ಮಾರಿದ ಸರ್ಕಾರದಲ್ಲಿ ಪಾಲುದಾರನಾಗಿದ್ದದ್ದು ಪಿಡಿಎಸ್. ದೊಡ್ಡ ಬಾಡಿಗೆ ಕಂಪನಿಗಳ ಮನೆಗಳನ್ನು ಸಾರ್ವಜನಿಕ ಒಡೆತನಕ್ಕೆ ತೆಗೆದುಕೊಳ್ಳಿ ಎಂದು 2021ರ ಸೆಪ್ಟೆಂಬರ್‌ನಲ್ಲಿ ಬರ್ಲಿನ್ನಿನ ಮತದಾರರಲ್ಲಿ ಶೇ 59ರಷ್ಟು ಮಂದಿ ಹೇಳಿದರು; ಸರ್ಕಾರ ಅದಕ್ಕೆ ತಜ್ಞರ ಸಮಿತಿ ನೇಮಿಸಿತು. 2025ರಲ್ಲಿ, ಮತಗಟ್ಟೆ ಸಮೀಕ್ಷೆಗಳ ಪ್ರಕಾರ, ಗೋಡೆಯನ್ನು ಕಂಡೇ ಇರದ 18ರಿಂದ 24ರ ವಯಸ್ಸಿನವರಲ್ಲಿ ನಾಲ್ವರಲ್ಲಿ ಒಬ್ಬರು ಲಿಂಕೆಗೆ, ಐವರಲ್ಲಿ ಒಬ್ಬರು ಎಎಫ್‌ಡಿಗೆ ಮತ ಹಾಕಿದರು.